ಮಸಿಗೂ ಒಂದು ಲೆಕ್ಕ

(ರಾಜ್ಯೋತ್ಸವದ ಅಂಗವಾಗಿ ಸಾಂತಾಕ್ರೂಜಿನಲ್ಲಿ ಸೇರಿದ್ದ ಸಂಘದ ಸಭೆಯಲ್ಲಿ ಮಾಡಿದ ಭಾಷಣ)



ರಾಜ್ಯೋತ್ಸವದ ವೇದಿಕೆಯ ಮೇಲೆ ಪಂಪನ ಮಾತೋ ವಚನಕಾರರ ಮಾತೋ ಬರಬೇಕಾದ ಹೊತ್ತಿನಲ್ಲಿ, ಅಂಗೈಗಿಂತ ತುಸು ಉದ್ದನೆಯ ರೈಲು ಎಂಜಿನೊಂದನ್ನು ಮೇಜಿನ ಮೇಲಿಟ್ಟುಕೊಂಡು ಇವನೇನು ಹೇಳಲು ಹೊರಟಿದ್ದಾನೆ ಎಂದು ನಿಮ್ಮಲ್ಲಿ ಕೆಲವರಿಗೆ ತೋರಿದರೆ ಅದು ನ್ಯಾಯವೇ. ನನ್ನ ಕಡೆಯ ಸಮಾಧಾನ ಇಷ್ಟು: ನವೆಂಬರ್ 1 ನಮಗೆ ಹೇಗೆ ಹಬ್ಬದ ದಿನವೋ ನಮ್ಮ ದೇಶದ ಉಗಿ ಎಂಜಿನಿಗೂ ಹಾಗೆಯೇ. 1950ನೆಯ ಇಸವಿಯ ನವೆಂಬರ್ 1ರಂದು ಪಶ್ಚಿಮ ಬಂಗಾಳದ ಚಿತ್ತರಂಜನ್ ಕಾರಖಾನೆಯ ಮೊದಲನೆಯ ಎಂಜಿನಾದ 'ದೇಶಬಂಧು'ವನ್ನು ರಾಷ್ಟ್ರಪತಿ ರಾಜೇಂದ್ರಪ್ರಸಾದರು ದೇಶಕ್ಕೆ ಒಪ್ಪಿಸಿದರು. ಸರಿಯಾಗಿ ಆರು ವರ್ಷಗಳ ತರುವಾಯ, 1956ರ ಅದೇ ದಿನ, ಹರಿದು ಹಂಚಿಹೋಗಿದ್ದ ಕನ್ನಡ ನಾಡು ಒಂದಾಯಿತು. ಇವೆರಡಕ್ಕೂ ಕಾರ್ಯಕಾರಣ ಸಂಬಂಧವಿದೆಯೆಂದು ನಾನು ವಾದಿಸುವವನಲ್ಲ. ಆದರೆ ಆ ನಾಡಿನಿಂದ ನಮ್ಮ ಹಿರಿಯರನ್ನು ಈ ಊರಿಗೆ ಎಳೆದು ತಂದದ್ದು ಇಂಥ ಎಂಜಿನುಗಳೇ ಎಂಬುದಂತೂ ದಿಟ.

ಧಾರವಾಡ, ಬೆಳಗಾವಿ, ಗದಗುಗಳ ಕಡೆಯಿಂದ ಬಂದ ಮನೆಗಳಲ್ಲಿ ಹಿರಿಯರಿದ್ದರೆ ಕೇಳಿ ನೋಡಿ. ಊರಿನಿಂದ ಮೀಟರ್ ಗೇಜಿನ ಚಿಕ್ಕ ಬಂಡಿ. ಪುಣೆಯಲ್ಲಿ ಟ್ರಂಕು, ಹಾಸಿಗೆ, ಬುತ್ತಿಯ ಗಂಟುಗಳೊಡನೆ ಇಳಿದು ಮುಂಬಯಿಯ ದೊಡ್ಡ ಬಂಡಿ. 1971ರಲ್ಲಿ ಪುಣೆ–ಮಿರಜ ಹಾದಿಯನ್ನು ಅಗಲ ಮಾಡಿದ ಮೇಲೆ ಈ ಇಳಿದು ಹತ್ತುವ ಸಂಭ್ರಮ ಮಿರಜಕ್ಕೆ ಹೋಯಿತು. 1990ರ ದಶಕದಲ್ಲಿ ಅದೂ ನಿಂತಿತು. ದಕ್ಷಿಣ ಕನ್ನಡದವರ ಕಥೆ ಬೇರೆ. ಮಂಗಳೂರಿಗೆ ರೈಲು 1907ರಲ್ಲೇ ಬಂದಿತ್ತಾದರೂ ಅದು ಮದರಾಸಿನ ಕಡೆಯ ರೈಲು. ಉಡುಪಿ, ಕುಂದಾಪುರಗಳು ರೈಲು ಕಂಡದ್ದು ಕೊಂಕಣ ರೈಲ್ವೆಯಿಂದ, ಉಗಿಯ ಕಾಲ ಮುಗಿಯುತ್ತ ಬಂದ ಮೇಲೆ. ಅಲ್ಲಿಯ ಎಷ್ಟೋ ಮಂದಿ ಉಗಿ ಎಂಜಿನನ್ನು ಮೊದಲು ಕಂಡದ್ದು ಮುಂಬಯಿಯಲ್ಲೇ ಇರಬೇಕು. ಇಲ್ಲಿ ಪಶ್ಚಿಮದ ಹಾದಿಯ ಲೋಕಲ್ ಗಾಡಿಗಳು 1928ರಲ್ಲೇ ವಿದ್ಯುತ್ತಿಗೆ ತಿರುಗಿದ್ದವು. ಆದರೂ ನಮ್ಮ ಸಾಂತಾಕ್ರೂಜ್ ಸ್ಟೇಷನ್ನನ್ನು ಹಾದುಹೋಗುತ್ತಿದ್ದ ಗುಜರಾತ, ದಿಲ್ಲಿಗಳ ಕಡೆಯ ಗಾಡಿಗಳನ್ನು ಅದಾದ ಮೇಲೂ ದಶಕಗಳ ಕಾಲ ಉಗಿ ಎಂಜಿನುಗಳೇ ಎಳೆದವು.

ಅದೆಲ್ಲ ಮುಗಿಯಿತು. ನಮ್ಮ ದೇಶದ ಬ್ರಾಡ್ ಗೇಜಿನಲ್ಲಿ ನಿತ್ಯದ ಉಗಿಬಂಡಿ 1995ರ ಡಿಸೆಂಬರಿನಲ್ಲಿ ನಿಂತಿತು. ಆ ಎಂಜಿನುಗಳನ್ನು ನಡೆಸಿದವರು, ತೊಳೆದವರು, ಇದ್ದಲು ಎತ್ತಿದವರು ಇಂದು ಮುಪ್ಪಿನವರು, ಹಲವರು ಇಲ್ಲ. ಎಂಜಿನುಗಳ ನಕ್ಷೆಗಳು ಉಳಿದಿವೆ. ಆದರೆ ಅವುಗಳ ಮೈಮೇಲೆ ಮಸಿ ಎಲ್ಲಿ ಕೂರುತ್ತಿತ್ತು, ಎಣ್ಣೆ ಎಲ್ಲಿ ಸೋರುತ್ತಿತ್ತು ಎಂಬುದು ನಕ್ಷೆಯಲ್ಲಿ ಇಲ್ಲ. ಅದು ಕಣ್ಣಿನಲ್ಲಿ ಇತ್ತು. ಆ ಕಣ್ಣುಗಳು ಮುಚ್ಚುವ ಮುನ್ನ ಬರೆದಿಟ್ಟುಕೊಳ್ಳುವ ಒಂದು ಬಗೆಯೇ ಈ ಕಿರು ಎಂಜಿನಿನ ಹವ್ಯಾಸವೆಂದು ನಾನು ಬಗೆದಿದ್ದೇನೆ.

ಮೊದಲು ಅಳತೆಯ ಮಾತು. ಲೋಕದಲ್ಲಿ ಬಹು ಜನ ಹಿಡಿದಿರುವ ಅಳತೆಗೆ ಎಚ್.ಓ. ಎಂದು ಹೆಸರು. ನಿಜವಾದ ವಸ್ತುವಿನ 87ರಲ್ಲಿ ಒಂದು ಪಾಲು. ಅಂದರೆ ಒಂದು ಅಡಿಗೆ ಮೂರೂವರೆ ಮಿಲಿಮೀಟರು. ಐದೂಮುಕ್ಕಾಲು ಅಡಿಯ ಫೈರ್‌ಮನ್ನನು ಇಲ್ಲಿ ಎರಡು ಸೆಂಟಿಮೀಟರು. ಈ ಅಳತೆಯ ಹಳಿಗಳ ನಡುವಣ ಅಂತರ ಹದಿನಾರೂವರೆ ಮಿಲಿಮೀಟರು. ಅದನ್ನು 87ರಿಂದ ಗುಣಿಸಿದರೆ ಯುರೋಪು, ಅಮೆರಿಕಗಳ ಹಳಿಯ ಅಗಲ ಸಿಗುತ್ತದೆ, ನಮ್ಮದಲ್ಲ. ನಮ್ಮ ಬ್ರಾಡ್ ಗೇಜು ಐದೂವರೆ ಅಡಿ. ಅದಕ್ಕೆ ಹತ್ತೊಂಬತ್ತು ಮಿಲಿಮೀಟರಿಗೂ ಹೆಚ್ಚು ಬೇಕು. ಆದುದರಿಂದ ಅಂಗಡಿಯ ಹಳಿಯ ಮೇಲೆ ನಮ್ಮ ದೊಡ್ಡ ಬಂಡಿಯನ್ನು ಓಡಿಸಿದರೆ ಅದು ಮೊಣಕಾಲು ಕೂಡಿಸಿಕೊಂಡು ನಡೆದಂತೆ ಕಾಣುತ್ತದೆ. ಆದರೆ ಮೀಟರ್ ಗೇಜಿಗೆ ಬಂದರೆ ಭಾಗ್ಯ ನಮ್ಮ ಕಡೆಗಿದೆ. ಸ್ವಿಟ್ಜರ್ಲೆಂಡಿನ ಬೆಟ್ಟದ ರೈಲುಗಳೂ ಮೀಟರ್ ಗೇಜಿನವೇ. ಅವುಗಳ ಅಭಿಮಾನಿಗಳಿಗಾಗಿ ಹನ್ನೆರಡು ಮಿಲಿಮೀಟರಿನ ಹಳಿಯನ್ನು ಮಾಡಿ ಮಾರುತ್ತಾರೆ. ಲೆಕ್ಕಕ್ಕೆ ಕೂದಲೆಳೆಯಷ್ಟು ಹೆಚ್ಚು, ಅಷ್ಟೆ. ಬೆಂಗಳೂರು–ಮೈಸೂರು, ಹುಬ್ಬಳ್ಳಿ–ಗದಗು, ಬೀರೂರು–ಶಿವಮೊಗ್ಗದ ಹಳೆಯ ಬಂಡಿಗಳನ್ನು ಸಾಂತಾಕ್ರೂಜಿನ ಒಂದು ಕೋಣೆಯ ಮನೆಯಲ್ಲಿ ಅಳತೆಗೆ ಸರಿಯಾಗಿ ಓಡಿಸಲು ಸ್ವಿಸ್ ಹಳಿ ಒದಗಿಬರುತ್ತದೆಂದರೆ ವಿಚಿತ್ರವಲ್ಲವೆ?

ಈ ಮೇಜಿನ ಮೇಲಿರುವುದು ವೈ.ಪಿ. ಜಾತಿಯ ಎಂಜಿನು, ಮೀಟರ್ ಗೇಜಿನ ಪ್ರಯಾಣದ ಗಾಡಿಗಳಿಗೆಂದು 1949ರಿಂದ 1970ರ ವರೆಗೆ 871 ತಯಾರಾದವು, ಬಹುಪಾಲು ಜಮ್‌ಶೆಡ್‌ಪುರದ ಟೆಲ್ಕೋ ಕಾರಖಾನೆಯಲ್ಲಿ. ಇದರ ಸೋದರ ವೈ.ಜಿ., ಸಾಮಾನಿನ ಗಾಡಿಗಳದು. ವೈ.ಪಿ.ಯ ದೊಡ್ಡ ಗಾಲಿ ನಾಲ್ಕೂವರೆ ಅಡಿ. ಇಲ್ಲಿ ಅದು ಹದಿನಾರು ಮಿಲಿಮೀಟರಿಗೂ ಕಡಿಮೆ, ನಿಮ್ಮ ಜೇಬಿನ ಒಂದು ರೂಪಾಯಿಗಿಂತ ಚಿಕ್ಕದು. ಇಂಥದನ್ನು ಅಂಗಡಿಯಲ್ಲಿ ಸಿದ್ಧವಾಗಿ ಕೊಳ್ಳುವುದು ಸುಲಭವಲ್ಲ. ಹವ್ಯಾಸಿಗಳು ಹೊರದೇಶದ ಎಂಜಿನೊಂದರ ಗಾಲಿ, ಮೋಟಾರುಗಳ ಮೇಲೆ ಹಿತ್ತಾಳೆಯ ತಗಡಿನಿಂದಲೋ ಪ್ಲಾಸ್ಟಿಕ್ಕಿನ ಹಾಳೆಯಿಂದಲೋ ಈಚೀಚೆಗೆ ತ್ರೀಡಿ ಮುದ್ರಣದಿಂದಲೋ ಮೈಯನ್ನು ಕಟ್ಟಿಕೊಳ್ಳುತ್ತಾರೆ. ಕಟ್ಟುವ ವಿದ್ಯೆಯೇ ಒಂದು ಬೇರೆ ಭಾಷಣ. ಇಂದು ಅದಕ್ಕೆ ಕೈಹಾಕುವುದಿಲ್ಲ. ಕಟ್ಟಿದ ಮೇಲೆ ಮಾಡತಕ್ಕ ಎರಡು ಕೆಲಸಗಳಿವೆ: ಸಣ್ಣ ಅಂಗಗಳನ್ನು ತೊಡಿಸುವುದು, ಆಮೇಲೆ ಅದಕ್ಕೆ ಬಿಸಿಲು, ಮಳೆ, ಮಸಿಗಳ ಬಣ್ಣ ಹಿಡಿಸುವುದು. ಎರಡನೆಯದನ್ನು ಇಂಗ್ಲಿಷಿನವರು ವೆದರಿಂಗ್ ಎನ್ನುತ್ತಾರೆ. ಹೊಸ ಕಾವಲಿಯನ್ನು ದೋಸೆಗೆ ಮುನ್ನ ನಮ್ಮ ಹೆಂಗಸರು ಏನು ಮಾಡುತ್ತಾರೋ ಅದೇ ಮಾತು ಇಲ್ಲಿಗೂ ಸಲ್ಲುತ್ತದೆ: ಪಳಗಿಸುವುದು.

ಅಂಗ ತೊಡಿಸುವುದನ್ನು ಮೊದಲು ನೋಡೋಣ. ಅಗ್ಗದ ಮಾದರಿಗಳಲ್ಲಿ ಬಾಯ್ಲರಿನ ಪಕ್ಕದ ಕೈಕಂಬಿಯು ಬರಿಯ ಏರುಗೆರೆಯಾಗಿ ಅಚ್ಚಿನಲ್ಲೇ ಮೂಡಿರುತ್ತದೆ. ಅದನ್ನು ಹರಿತವಾದ ಬ್ಲೇಡಿನಿಂದ ಕೆತ್ತಿ ತೆಗೆದು, ಕೈಯಲ್ಲೇ ತಿರುಗಿಸುವ ಚಿಕ್ಕ ಬೈರಿಗೆಯಿಂದ ಅರ್ಧ ಮಿಲಿಮೀಟರಿನ ತೂತುಗಳನ್ನು ಕೊರೆದು, ಹಿತ್ತಾಳೆಯ ತಂತಿಯನ್ನು ಕೂಡಿಸಬೇಕು. ತಂತಿಯ ದಪ್ಪ 0.4 ಮಿಲಿಮೀಟರಿದ್ದರೆ ಲೆಕ್ಕ ಸರಿಹೋಗುತ್ತದೆ. 87ರಿಂದ ಗುಣಿಸಿದರೆ ಸುಮಾರು ಮೂರೂವರೆ ಸೆಂಟಿಮೀಟರು, ಮನುಷ್ಯನ ಮುಷ್ಟಿ ಹಿಡಿಯುವಷ್ಟು. ಎಂಜಿನು ನಮ್ಮದೆಂದು ದೂರದಿಂದಲೇ ಗುರುತು ಹೇಳುವ ಅಂಗಗಳು ಕೆಲವೇ: ಹೊಗೆಪೆಟ್ಟಿಗೆಯ ನೆತ್ತಿಯ ಮೇಲಿನ ದೊಡ್ಡ ದೀಪ, ಮುಂದುಗಡೆ ದನ ತಳ್ಳುವ ಬಾನೆಟ್ಟಿನಂಥ ಕಂಬಿಯ ಜಾಲರಿ, ಬಿಸಿಲಿಗಾಗಿ ಹಿಂದಕ್ಕೆ ಚಾಚಿದ ಸೂರು. ಮೀಟರ್ ಗೇಜಾದರೆ ನಟ್ಟನಡುವೆ ಒಂದೇ ಬಫರು, ಅದರಲ್ಲೇ ಕೊಂಡಿ. ಬ್ರಾಡ್ ಗೇಜಾದರೆ ಎರಡು ಪಕ್ಕಕ್ಕೆ ಎರಡು ಬಫರು, ನಡುವೆ ತಿರುಪಿನ ಸರಪಳಿ. ಇವನ್ನು ತಪ್ಪಿ ಹಾಕಿದರೆ ಮಿಕ್ಕ ಶ್ರಮವೆಲ್ಲ ಹೊಳೆಯಲ್ಲಿ ಹುಣಸೆಹಣ್ಣು.

ಅಂಟಿಗೆ ಫೆವಿಕ್ವಿಕ್ ಜಾತಿಯದು ಸಾಕು. ಆದರೆ ಅದನ್ನು ನೇರವಾಗಿ ಸುರಿಯದೆ ಸೂಜಿಮೊನೆಯಿಂದ ಮುಟ್ಟಿಸಬೇಕು. ಅದರ ಆವಿ ತಗುಲಿದರೆ ಬಣ್ಣದ ಮೇಲೂ ಕಿಟಕಿಯ ಗಾಜಿನ ಮೇಲೂ ಬಿಳಿ ಮಂಜು ಕೂರುತ್ತದೆ. ಉಪಕರಣಗಳಿಗೆ ಮುಂಬಯಿಯಂಥ ಊರು ಬೇರೆ ಇಲ್ಲ. ಸೂಕ್ಷ್ಮವಾದ ಚಿಮಟ, ಅರ, ಬೈರಿಗೆ ಮೊನೆಗಳು ಝವೇರಿ ಬಜಾರಿನ ಸುತ್ತ ಅಕ್ಕಸಾಲಿಗರಿಗೆ ಮಾರುವ ಅಂಗಡಿಗಳಲ್ಲಿ ಸಿಗುತ್ತವೆ. ದೀಪಕ್ಕೆ ಬೇಕಾದ ಸಾಸಿವೆಯಂಥ ಬಲ್ಬು ಲ್ಯಾಮಿಂಗ್ಟನ್ ರಸ್ತೆಯಲ್ಲಿ. ಚೋರ್ ಬಜಾರಿನಲ್ಲಿ ಅದೃಷ್ಟವಿದ್ದರೆ ಹಳೆಯ ಹಾರ್ನ್‌ಬಿ ತಗಡಿನ ಗಾಡಿಯೇ ಕೈಗೆ ಬೀಳುತ್ತದೆ. ಅದನ್ನು ಮಾತ್ರ ಮುಟ್ಟಿ ತಿದ್ದಬೇಡಿ, ಇದ್ದ ಹಾಗೆಯೇ ಇಡಿ.

ಇನ್ನು ಪಳಗಿಸುವ ವಿಷಯ. ಇಲ್ಲಿ ಮನೆಯವರ ಆಕ್ಷೇಪಣೆಯನ್ನು ಮೊದಲು ಎದುರಿಸಬೇಕಾಗುತ್ತದೆ. ಅಷ್ಟು ದುಡ್ಡು ಸುರಿದು, ಆರು ತಿಂಗಳು ಕಣ್ಣು ಕೆಡಿಸಿಕೊಂಡು ಮಾಡಿದ ವಸ್ತುವಿಗೆ ಮಸಿ ಬಳಿಯುವುದೆ? ನಮ್ಮ ಭಾಷೆಯಲ್ಲಿ ಮಸಿ ಬಳಿಯುವುದೆಂದರೆ ಮರ್ಯಾದೆ ಕಳೆಯುವುದು. ಆದರೆ ಅದೇ ಭಾಷೆ ಬರೆಯುವ ಶಾಯಿಗೂ ಮಸಿ ಎಂದೇ ಹೇಳುತ್ತದೆಯಲ್ಲ! ಓಡಿದ ಎಂಜಿನಿನ ಮೈಮೇಲೆ ಅದರ ದಿನಚರಿ ಮಸಿಯಲ್ಲಿ ಬರೆದಿರುತ್ತದೆ. ಥಳಥಳ ಹೊಳೆಯುವ ಮಾದರಿ ನೋಡಲು ಚೆಂದ. ಆದರೆ ಅದು ಕಾರಖಾನೆಯ ಬಾಗಿಲಿನಿಂದ ಹೊರಬಿದ್ದ ಮೊದಲ ದಿನದ್ದು ಮಾತ್ರ. ನಮ್ಮ ಅಜ್ಜಂದಿರನ್ನು ಎಳೆದು ತಂದದ್ದು ಅದಲ್ಲ.

ಅಮೆರಿಕದಲ್ಲಿ ಜಾನ್ ಆಲನ್ ಎಂಬ ಛಾಯಾಚಿತ್ರಗಾರನಿದ್ದ. ಕ್ಯಾಲಿಫೋರ್ನಿಯಾದ ಮಾಂಟೆರೇ ಊರಿನಲ್ಲಿ ತನ್ನ ಮನೆಯಲ್ಲೇ ಇಂಥ ಕಿರು ರೈಲಿನ ಒಂದು ಲೋಕವನ್ನು ಕಟ್ಟಿದ. ಎಂಜಿನು, ಡಬ್ಬಿ, ಕಟ್ಟಡಗಳಿಗೆ ವಯಸ್ಸಾದ ಕಳೆ ಕೊಡುವುದನ್ನು ಮಂದಿಗೆ ಕಲಿಸಿದವರಲ್ಲಿ ಅವನು ಮುಂಚೂಣಿಯವನು; ಬೆಳಕು ಮೈಮೇಲೆ ಹೇಗೆ ಬೀಳುತ್ತದೆಂಬುದನ್ನು ಕ್ಯಾಮೆರಾದಿಂದ ಕಲಿತಿದ್ದವನಲ್ಲವೆ. 1973ರ ಜನವರಿಯಲ್ಲಿ ಅವನು ತೀರಿಕೊಂಡ. ಅದಾದ ಕೆಲವೇ ದಿನಗಳಲ್ಲಿ ಆ ಲೋಕವೆಲ್ಲ ಬೆಂಕಿಗೆ ಆಹುತಿಯಾಯಿತು. ಇಂದು ಉಳಿದಿರುವುದು ಬಹುಪಾಲು ಅವನು ತೆಗೆದಿಟ್ಟ ಚಿತ್ರಗಳು.

ಅವನ ಹಾದಿ ಹಿಡಿದವರಲ್ಲಿ ಅತಿ ಮಾಡಿದವರೂ ಉಂಟು. ನನ್ನ ಮಿತ್ರರೊಬ್ಬರು ಒಂದು ಎಂಜಿನಿಗೆ ತಲೆಯಿಂದ ಕಾಲಿನ ವರೆಗೆ ಕಿತ್ತಳೆ ಬಣ್ಣದ ತುಕ್ಕು ಹಿಡಿಸಿದ್ದರು. ಬಣ್ಣದ ಕೈಗೆಲಸವೇನೋ ಸೊಗಸು. ಹುಬ್ಬಳ್ಳಿಯ ಕಡೆ ಫೈರ್‌ಮನ್ ಆಗಿ ದುಡಿದಿದ್ದ ಹಿರಿಯರೊಬ್ಬರು ಮಗನ ಮನೆಗೆಂದು ಬಂದವರು ಅದನ್ನು ಕನ್ನಡಕ ಸರಿಮಾಡಿಕೊಂಡು ನೋಡಿ, "ಇದನ್ನ ಯಾವ ಬಾವ್ಯಾಗಿಂದ ಎತ್ತಿಸಿದ್ರಿ?" ಎಂದರು. ಮಿತ್ರರು ಪೆಚ್ಚಾದರು. ಆ ಹಿರಿಯರು ಮುಂದುವರಿದು ಹೇಳಿದ್ದು ಈ ವಿದ್ಯೆಯ ಸೂತ್ರವೆಂದೇ ನಾನು ತಿಳಿದಿದ್ದೇನೆ: "ಓಡೂ ಎಂಜಿನಿಗೆ ಎಣ್ಣಿ ಇರತದ, ಶಾಖ ಇರತದ. ತುಕ್ಕಿಗೆ ಕೂಡ್ರಾಕ ಪುರುಸೊತ್ತೆಲ್ಲಿ?"

ಆದುದರಿಂದ ಪ್ರತಿಯೊಂದು ಕಲೆಗೂ ಕಾರಣ ಕೇಳಬೇಕು. ಇದು ಎಲ್ಲಿಂದ ಬಂತು, ಯಾವ ಕಡೆಗೆ ಹರಿಯಿತು, ಯಾರು ಒರಸಿದರು? ಉತ್ತರ ತಿಳಿಯದಿದ್ದರೆ ಕುಂಚವನ್ನು ಕೆಳಗಿಡುವುದೇ ಲೇಸು.

ಎಂಜಿನಿನ ಮೂತಿಯಿಂದ ಹೊರಡೋಣ. ಹೊಗೆಪೆಟ್ಟಿಗೆ ಸದಾ ಕಾದಿರುವ ಜಾಗ. ಅಲ್ಲಿಯ ಕಪ್ಪು ಬೆಂದು ಬೂದು ಬಣ್ಣಕ್ಕೆ ತಿರುಗಿರುತ್ತದೆ, ಹೊಳಪು ಕಿಂಚಿತ್ತೂ ಇರದು. ಅದರ ಬಾಗಿಲನ್ನು ತೆರೆದು ಬೂದಿ ಗೋರುವಾಗ ಕೆಳತುಟಿಯ ಮೇಲೂ ಅದರ ಕೆಳಗಿನ ಹಲಗೆಯ ಮೇಲೂ ಬೂದಿ ಉದುರುತ್ತದೆ. ಅಲ್ಲಿ ತಿಳಿ ಬೂದುಬಣ್ಣದ ಪುಡಿ. ಚಿಮಣಿಯಿಂದ ಎದ್ದ ಮಸಿ ಬಾಯ್ಲರಿನ ಬೆನ್ನ ಮೇಲೆ, ಡ್ರೈವರನ ಸೂರಿನ ಮೇಲೆ ಕೂರುತ್ತದೆ. ಪಕ್ಕಗಳ ಮೇಲೆ ಅಷ್ಟಾಗಿ ಇಲ್ಲ. ಮಳೆ ಬಂದಾಗ ಅದು ಸಣ್ಣ ಸಣ್ಣ ಗೆರೆಗಳಾಗಿ ಕೆಳಗೆ ಇಳಿಯುತ್ತದೆ. ಕಲೆಯ ಗೆರೆಗಳೆಲ್ಲ ಮೇಲಿನಿಂದ ಕೆಳಕ್ಕೆ ಏಕೆ ಎಂದರೆ ನೀರು ಹಾಗೆ ಇಳಿಯುವುದರಿಂದ. ಅಡ್ಡಡ್ಡ ಒರಸಿದ ಮಾದರಿ ಕಣ್ಣಿಗೆ ಸುಳ್ಳೆನಿಸುತ್ತದೆ, ನೋಡುವವನಿಗೆ ಕಾರಣ ತಿಳಿಯದಿದ್ದರೂ ಸಹ.

ಬಾಯ್ಲರಿನ ಪಕ್ಕಕ್ಕೆ ಬನ್ನಿ. ಸೇಫ್ಟಿ ವಾಲ್ವಿನ ಸುತ್ತ, ಬಾಯ್ಲರು ತೊಳೆಯುವ ಬಿರಡೆಗಳ ಕೆಳಗೆ, ನೀರು ಒಳಗೆ ತಳ್ಳುವ ಇಂಜೆಕ್ಟರಿನ ಕೊಳವೆಯ ಬಾಯಲ್ಲಿ ಬೆಳ್ಳಗಿನ ಜಾಡು ಇರುತ್ತದೆ. ಬಿಸಿನೀರು ಸೋರಿ ಆರಿಹೋಗಿ ಅದರೊಳಗಿನ ಸುಣ್ಣ ಉಳಿದದ್ದು ಅದು. ನಮ್ಮ ಬಚ್ಚಲ ಹಂಡೆಯ ಅಂಚಿನಲ್ಲಿ ಕಾಣುವಂಥದೇ. ಇದರಲ್ಲೇ ಊರಿನ ಗುರುತೂ ಇದೆ. ಗದಗು, ವಿಜಾಪುರಗಳ ಗಡಸು ನೀರು ಕುಡಿದ ಎಂಜಿನಿಗೆ ಈ ಬಿಳಿ ಹೆಚ್ಚು. ಮಲೆನಾಡಿನ ಮೆದು ನೀರು ಕುಡಿದದ್ದಕ್ಕೆ ಕಡಿಮೆ.

ಗಾಲಿ, ದಂಡ, ಪಿಸ್ಟನ್ನುಗಳ ಕಡೆ ತುಕ್ಕಿನ ಮಾತೇ ಬೇಡ. ಅಲ್ಲಿ ಎಣ್ಣೆ ಮತ್ತು ದೂಳು ಕಲಸಿ ಕಪ್ಪು ಮೇಣದಂತೆ ಆಗಿರುತ್ತದೆ. ಹಾಗಾಗಿ ಅಷ್ಟು ಭಾಗಕ್ಕೆ ಸ್ವಲ್ಪ ಹೊಳಪು ಇರಬೇಕು. ಮಿಕ್ಕ ಮೈ ಮಂಕು, ಇಲ್ಲಿ ಮಾತ್ರ ಒದ್ದೆ ಹೊಳಪು: ಈ ಒಂದು ಭೇದವನ್ನು ಹಿಡಿದರೆ ಎಂಜಿನಿಗೆ ಜೀವ ಬರುತ್ತದೆ. ಹಳಿಗೆ ತಾಗುವ ಗಾಲಿಯ ಅಂಚು ಬೆಳ್ಳಿಯಂತೆ ಬೆಳಗುತ್ತಿರಬೇಕು. ಏರಿನಲ್ಲಿ ಗಾಲಿ ಜಾರದಂತೆ ಮರಳು ಸುರಿಯುವ ಕೊಳವೆಗಳ ಬಳಿ ತೆಳ್ಳನೆಯ ಮಾಸಲು ಹಳದಿ. ಕ್ಯಾಸಲ್‌ರಾಕಿನಿಂದ ಗೋವೆಯ ಕಡೆಗೆ ಇಳಿಯುವ ಘಟ್ಟದಲ್ಲಿ 37 ಅಡಿಗೆ ಒಂದು ಅಡಿಯಷ್ಟು ಇಳಿಜಾರು ಇದೆ. ಆ ಘಟ್ಟವನ್ನು ಏರಿದ ಎಂಜಿನೆಂದು ಹೇಳಬೇಕಾದರೆ ಈ ಮರಳಿನ ಬಣ್ಣವನ್ನು ಧಾರಾಳವಾಗಿ ಕೊಡಬಹುದು. ತುಕ್ಕು ಬೇಕೇ ಬೇಕೆನ್ನುವವರಿಗೆ ಜಾಗ ಇಲ್ಲದಿಲ್ಲ: ಬ್ರೇಕಿನ ದಿಮ್ಮಿ, ಕೊಂಡಿಯ ಸರಪಳಿ, ಬೂದಿತಟ್ಟೆ, ಟೆಂಡರಿನ ಒಳಗೋಡೆ. ಅದೂ ಕಿತ್ತಳೆಯಲ್ಲ, ಹಳೆಯ ಬೆಲ್ಲದ ಬಣ್ಣ.

ಡ್ರೈವರನ ಮೆಟ್ಟಿಲ ನಡುಭಾಗ ಕಾಲು ತಾಗಿ ತಾಗಿ ಬಣ್ಣ ಹೋಗಿ ಲೋಹ ಕಾಣಬೇಕು. ಕೈಕಂಬಿಯಲ್ಲಿ ಕೈ ಹಿಡಿಯುವ ಕಡೆ ಮಾತ್ರ ಹಾಗೆಯೇ. ಇವು ಸಾಸಿವೆಯಷ್ಟು ಜಾಗಗಳು. ಆದರೆ ಒಂದು ಮನುಷ್ಯಜೀವ ದಿನವೂ ಇಲ್ಲಿ ಹತ್ತಿ ಇಳಿಯಿತೆಂಬುದಕ್ಕೆ ಮಾದರಿಯಲ್ಲಿ ಇರುವ ಸಾಕ್ಷಿ ಇಷ್ಟೇ. ನಾನು ಬೇರೆಯದನ್ನೆಲ್ಲ ಬಿಟ್ಟೇನು, ಈ ಮೆಟ್ಟಿಲನ್ನು ಬಿಡಲಾರೆ.

ಟೆಂಡರಿನಲ್ಲಿ ಇದ್ದಲಿನ ಬಣ್ಣ ಬಳಿಯುವ ಗೋಜಿಗೆ ಹೋಗಬೇಡಿ. ನಿಜವಾದ ಕಲ್ಲಿದ್ದಲನ್ನೇ ಬಟ್ಟೆಯಲ್ಲಿ ಸುತ್ತಿ ಜಜ್ಜಿ ಹಾಕಿ. ಮುಷ್ಟಿಗಾತ್ರದ ಉಂಡೆ ಇಲ್ಲಿ ಒಂದು ಮಿಲಿಮೀಟರಿಗೆ ಬರುತ್ತದೆ. ಅಂದರೆ ಬನ್ಸಿ ರವೆಯ ಗಾತ್ರ. ಜರಡಿ ಹಿಡಿದು ಒಂದೇ ಗಾತ್ರ ಮಾಡಬಾರದು, ದೊಡ್ಡದು ಚಿಕ್ಕದು ಪುಡಿ ಎಲ್ಲ ಬೆರೆತಿರಬೇಕು. ಇಸ್ತ್ರಿಯವನ ಹತ್ತಿರ ಸಿಗುವುದು ಮರದ ಇದ್ದಲು. ಅದು ಮಂಕು, ಕಲ್ಲಿದ್ದಲಿನ ಮಿಂಚು ಅದಕ್ಕೆ ಬಾರದು. ಟೆಂಡರಿನ ಹಿಂಭಾಗದಲ್ಲಿ ನೀರು ತುಂಬುವ ಬಾಯಿ. ಅಲ್ಲಿಂದ ತುಳುಕಿದ ನೀರು ಪಕ್ಕದ ದೂಳನ್ನು ತೊಳೆದುಕೊಂಡು ಇಳಿದಿರುತ್ತದೆ. ಅಲ್ಲಿ ಬಣ್ಣ ಹಚ್ಚಬಾರದು, ಒರಸಿ ತೆಗೆಯಬೇಕು.

ಇವೆಲ್ಲದರ ಮೇಲೆ ಕಟ್ಟಕಡೆಗೆ ಬರುವುದು ಊರ ಮಣ್ಣು. ಗಾಲಿಗಳ ಸುತ್ತ, ಕೆಳಗಿನ ಮೈಗೆ ಹಳಿಯ ಪಕ್ಕದ ದೂಳು ಮೆತ್ತುತ್ತದೆ. ಅದು ಆ ಸೀಮೆಯ ಬಣ್ಣವೇ ಆಗಿರತಕ್ಕದ್ದು. ಶಿವಮೊಗ್ಗ–ತಾಳಗುಪ್ಪದ ಹಾದಿಗೆ ಕೆಮ್ಮಣ್ಣು. ಗದಗು–ವಿಜಾಪುರಕ್ಕೆ ಎರೆಮಣ್ಣಿನ ಕಪ್ಪುಬೂದು. ಹೊಸಪೇಟೆ, ಬಳ್ಳಾರಿಗಳ ಕಡೆಗೆ ಅದಿರಿನ ನೇರಳೆಗೆಂಪು. ಇಂಗ್ಲೆಂಡಿನ ಕಂಪನಿಗಳು ಡಬ್ಬಿಗಳಲ್ಲಿ ದೂಳಿನ ಪುಡಿ ಮಾರುತ್ತವೆ. ಅದು ಆ ದೇಶದ ದೂಳು. ಕೆಮ್ಮಣ್ಣು ನಮ್ಮ ಮನೆಗಳಲ್ಲಿ ರಂಗೋಲಿಯ ಅಂಚಿಗೆಂದು ಇದ್ದೇ ಇರುತ್ತದೆ. ಊರಿಗೆ ಹೋದಾಗ ಸ್ಟೇಷನ್ನಿನ ಬಳಿಯ ಮಣ್ಣನ್ನು ಒಂದು ಚಿಟಿಕೆ ಕಾಗದದಲ್ಲಿ ಕಟ್ಟಿಕೊಂಡು ಬಂದು, ಒಣಗಿಸಿ, ತೆಳುಬಟ್ಟೆಯಲ್ಲಿ ಸೋಸಿದರೆ ಅದಕ್ಕಿಂತ ನಿಜವಾದ ಬಣ್ಣ ಯಾವ ಅಂಗಡಿಯಲ್ಲಿದೆ?

ಇನ್ನೊಂದು ಗುರುತನ್ನು ಪರದೇಶದ ಯಾವ ಪುಸ್ತಕವೂ ಹೇಳಲಾರದು. ಆಯುಧಪೂಜೆಯ ದಿನ ನಮ್ಮ ಲೋಕೋಶೆಡ್ಡುಗಳಲ್ಲಿ ಎಂಜಿನಿಗೆ ಪೂಜೆ. ಬಾಳೆಕಂದು, ಚೆಂಡುಹೂವಿನ ಸರ, ಮೂತಿಯ ಮೇಲೆ ವಿಭೂತಿ, ಕುಂಕುಮ, ಗಾಲಿಯ ಕೆಳಗೆ ನಿಂಬೆಹಣ್ಣು. ಹೂವು ಮರುದಿನ ಬಾಡಿ ಬೀಳುತ್ತದೆ; ಕುಂಕುಮದ ಕಲೆ ಅಷ್ಟು ಬೇಗ ಹೋಗುವುದಿಲ್ಲ. ರಾಜ್ಯೋತ್ಸವದ ಹೊತ್ತಿನ ಎಂಜಿನಿಗೆ ಹೊಗೆಪೆಟ್ಟಿಗೆಯ ಬಾಗಿಲಲ್ಲಿ ಸೂಜಿಮೊನೆಯಷ್ಟು ಮಾಸಿದ ಕೆಂಪು ಇಟ್ಟರೆ ತಿಂಗಳನ್ನೂ ಹೇಳಿದಂತಾಯಿತು, ಆ ಜನರನ್ನೂ ತೋರಿದಂತಾಯಿತು.

ಕೆಲಸದ ಕ್ರಮವನ್ನು ಚಿಕ್ಕದಾಗಿ ಹೇಳುತ್ತೇನೆ. ಪಾತ್ರೆ ತೊಳೆಯುವ ಸಾಬೂನಿನಿಂದ ಮೈಯ ಜಿಡ್ಡು ತೆಗೆದು ಒಣಗಿಸಿ. ಎಂಜಿನು ಕಪ್ಪೆಂದು ಅಚ್ಚ ಕಪ್ಪು ಬಳಿಯಬಾರದು. ಚಿಕ್ಕ ವಸ್ತುವಿನ ಮೇಲೆ ಅದು ರಂಧ್ರದಂತೆ ಕಾಣುತ್ತದೆ. ಸ್ವಲ್ಪ ಬಿಳಿ, ಸ್ವಲ್ಪ ಕಂದು ಬೆರೆಸಿದ ಕಡುಬೂದು ಸರಿ. ಅದು ಆರಿದ ಮೇಲೆ ಕಂದುಗಪ್ಪಿನ ಬಣ್ಣವನ್ನು ಮಜ್ಜಿಗೆ ನೀರಿನಷ್ಟು ತೆಳ್ಳಗೆ ಮಾಡಿ ಮೈಗೆಲ್ಲ ಹರಿಸಿ, ಕಿವಿಗೆ ಹಾಕುವ ಹತ್ತಿಕಡ್ಡಿಯಿಂದ ಮೇಲಿಂದ ಕೆಳಕ್ಕೆ ಒರಸಿ. ಮೂಲೆಗಳಲ್ಲಿ ಉಳಿದದ್ದೇ ನಮಗೆ ಬೇಕಾದದ್ದು. ಆಮೇಲೆ ಕುಂಚಕ್ಕೆ ತಿಳಿಬಣ್ಣ ಅದ್ದಿ, ಕಾಗದದ ಮೇಲೆ ಒರಸಿ ಒರಸಿ ಇನ್ನೇನೂ ಉಳಿದಿಲ್ಲವೆನ್ನುವ ಸ್ಥಿತಿಗೆ ತಂದು, ಉಬ್ಬಿದ ಅಂಚುಗಳಿಗೆ ಮಾತ್ರ ಸೋಕಿಸಿ. ತಿರುಪಿನ ತಲೆಗಳು ಒಂದೊಂದಾಗಿ ಎದ್ದು ಬರುವುದನ್ನು ನೋಡುವುದೇ ಒಂದು ಸುಖ. ಗಾಲಿಗಳಿಗೆ ಬಣ್ಣ ಹಚ್ಚುವಾಗ ಮೋಟಾರನ್ನು ಮೆಲ್ಲನೆ ತಿರುಗಿಸುತ್ತಿರಬೇಕು, ಇಲ್ಲದಿದ್ದರೆ ದಂಡದ ಹಿಂದೆ ಬಣ್ಣವಿಲ್ಲದ ತೇಪೆ ಉಳಿಯುತ್ತದೆ. ಗಾಲಿಯ ಅಂಚಿನ ಬಣ್ಣವನ್ನು ಕೂಡಲೆ ಒರಸಿ, ಇಲ್ಲವಾದರೆ ವಿದ್ಯುತ್ತು ಹರಿಯದೆ ಎಂಜಿನು ನಿಂತಲ್ಲೇ ನಿಲ್ಲುತ್ತದೆ.

ಮಣ್ಣು, ಬೂದಿ, ಸೀಮೆಸುಣ್ಣದ ಪುಡಿಗಳ ಸರದಿ ಕೊನೆಯದು. ಅವು ನಿಲ್ಲಲು ಮೇಲೆ ಮಂಕು ವಾರ್ನಿಷಿನ ತುಂತುರು ಬೇಕು. ಅದು ಬಿದ್ದೊಡನೆ ಪುಡಿಯ ಬಣ್ಣ ಅರ್ಧಕ್ಕರ್ಧ ಕಾಣದಂತಾಗುತ್ತದೆ. ಆದ್ದರಿಂದ ಮೊದಲೇ ಒಂದಿಷ್ಟು ಹೆಚ್ಚು ಹಾಕಿರಬೇಕು. ಈ ವಾರ್ನಿಷನ್ನು ಮುಂಬಯಿಯ ಮಳೆಗಾಲದಲ್ಲಿ ಸಿಂಪಡಿಸುವ ಸಾಹಸ ಸರ್ವಥಾ ಕೂಡದು. ಗಾಳಿಯ ತೇವ ಅದರಲ್ಲಿ ಸೇರಿ ಮೈಯೆಲ್ಲ ಬೂಷ್ಟು ಹಿಡಿದಂತೆ ಬೆಳ್ಳಗಾಗುತ್ತದೆ. ನವರಾತ್ರಿ ಕಳೆದು ದೀಪಾವಳಿ ಬರುವ ಹೊತ್ತಿಗೆ ಗಾಳಿ ಒಣಗುತ್ತದೆ, ಅದೇ ಸುಮುಹೂರ್ತ. ಕಿಟಕಿ ತೆರೆದಿರಲಿ, ಗ್ಯಾಸಿನ ಒಲೆ ಆರಿರಲಿ, ಮೂಗಿಗೆ ಬಟ್ಟೆ ಇರಲಿ. ಮಕ್ಕಳ ಕೈಗೆ ಕುಂಚ ಕೊಡಿ, ಬ್ಲೇಡು ಬೇಡ.

ನೋಡಿ ಕಲಿಯಲು ಎಲ್ಲಿಗೆ ಹೋಗಬೇಕೆಂದು ಕೇಳುವವರಿಗೆ ಪುಣೆ ಹತ್ತಿರವೇ ಇದೆ. ಅಲ್ಲಿಯ ಕೋಥರೂಡಿನಲ್ಲಿ ಭಾವುಸಾಹೇಬ ಜೋಶಿಯವರು ಬಾಳೆಲ್ಲ ಬೆಳೆಸಿದ ಕಿರು ರೈಲುಗಳ ಸಂಗ್ರಹಾಲಯ 1998ರಲ್ಲಿ ತೆರೆಯಿತು, ಎಚ್.ಓ. ಅಳತೆಯ ಒಂದು ಇಡೀ ಊರೇ ಅಲ್ಲಿದೆ. ರಜೆಗೆ ಮೈಸೂರಿಗೆ ಹೋದರೆ 1979ರಲ್ಲಿ ಸ್ಥಾಪನೆಯಾದ ರೈಲ್ವೆ ಸಂಗ್ರಹಾಲಯವನ್ನು ತಪ್ಪಿಸಬೇಡಿ. ಬ್ಯಾಗ್ನಲ್ ಕಂಪನಿಯ ಇ.ಎಸ್. 506 ಮೊದಲಾದ ಎಂಜಿನುಗಳ ಸುತ್ತ ನಡೆದು, ಪ್ರತಿಯೊಂದು ಕೊಳವೆ ಎಲ್ಲಿ ಹೊರಟು ಎಲ್ಲಿ ಸೇರುತ್ತದೆಂಬುದನ್ನು ಚಿತ್ರ ತೆಗೆದುಕೊಳ್ಳಬಹುದು. ಒಂದೇ ಎಚ್ಚರ: ಸಂಗ್ರಹಾಲಯದ ಎಂಜಿನಿಗೆ ಕಾಲಕಾಲಕ್ಕೆ ಹೊಸ ಬಣ್ಣ ಬಳಿಯುತ್ತಾರೆ. ಅದು ಅಂಗಗಳಿಗೆ ಗುರು, ಮಸಿಗೆ ಅಲ್ಲ. ಮಸಿಗೆ ಗುರು ಬೇಕಾದರೆ ಮೇಟ್ಟುಪಾಳ್ಯದಿಂದ ಕೂನೂರಿಗೆ ನೀಲಗಿರಿಯ ಬೆಟ್ಟ ಹತ್ತುವ ಬಂಡಿಯ ಬಳಿ ನಿಲ್ಲಬೇಕು. ಅದೂ ಮೀಟರ್ ಗೇಜೇ, ಇಂದಿಗೂ ಉಗಿಯೇ. ಅಲ್ಲಿ ಎಣ್ಣೆ ಉರಿಸುವ ಎಂಜಿನುಗಳೂ ಇರುವುದರಿಂದ ಯಾವುದರ ಮಸಿ ಎಂಥದೆಂದು ವಿಚಾರಿಸಿಕೊಂಡು ನೋಡತಕ್ಕದ್ದು.

ಆದರೆ ಎಲ್ಲಕ್ಕಿಂತ ಹತ್ತಿರದ ಸಂಗ್ರಹಾಲಯ ನಿಮ್ಮ ನಿಮ್ಮ ಮನೆಯ ಒಳಕೋಣೆಯಲ್ಲಿ ಕುಳಿತಿರಬಹುದು. ಕಿರಿಯರಿಗೆ ನನ್ನ ಬಿನ್ನಹ: ಈ ದೀಪಾವಳಿಗೆ ಅಜ್ಜನ ಬಳಿಯೋ ಅಜ್ಜಿಯ ಬಳಿಯೋ ಕುಳಿತು, ಫೋನಿನಲ್ಲಿ ಧ್ವನಿ ಹಿಡಿದಿಟ್ಟುಕೊಂಡು, ಇಷ್ಟನ್ನು ಕೇಳಿ. ನಿಮ್ಮ ಊರಿನ ಸ್ಟೇಷನ್ನಿನಲ್ಲಿ ಎಂಜಿನಿಗೆ ನೀರು ಎಲ್ಲಿಂದ ಬರುತ್ತಿತ್ತು, ಕೆರೆಯಿಂದಲೋ ಬಾವಿಯಿಂದಲೋ? ಕಿಟಕಿಯ ಪಕ್ಕ ಕುಳಿತರೆ ಕಣ್ಣಿಗೆ ಬಿದ್ದ ಕಿಡಿ ಬಿಸಿ ಇರುತ್ತಿತ್ತೆ, ಆರಿರುತ್ತಿತ್ತೆ? ಪುಣೆಯಲ್ಲಿ ಇಳಿದಾಗ ಬಿಳಿ ಪಂಚೆ ಯಾವ ಬಣ್ಣಕ್ಕೆ ತಿರುಗಿರುತ್ತಿತ್ತು? ಎಂಜಿನಿನ ಮೂತಿಯ ಮೇಲೆ ಯಾರಾದರೂ ಚಿತ್ರ ಬರೆದದ್ದುಂಟೆ, ಅದು ನಕ್ಷತ್ರವೋ ನವಿಲೋ? ಡ್ರೈವರನು ತಲೆಗೆ ಕಟ್ಟಿದ್ದ ಬಟ್ಟೆ ಕೆಂಪೋ ನೀಲಿಯೋ?